ಸೌದಾಮಿನಿಯಮ್ಮನ ಜ್ವರ

"ಮಗುವಿಗೆ ಎಷ್ಟು ತಿಂಗಳು?" ಡಾಕ್ಟರು ಹರಿಣಾಕ್ಷಿಯನ್ನು ಕೇಳಿದರು.

"ಒಂಬತ್ತು," ಎಂದರು ಅವಳ ಅತ್ತೆ ಸೌದಾಮಿನಿಯಮ್ಮ.

ಪುತ್ತಿಗೆಯಿಂದ ಕುಂಬಳೆಯವರೆಗೆ ಎತ್ತಿನ ಗಾಡಿಯಲ್ಲಿ ಮೈ ಕುಲುಕಿಸಿಕೊಂಡು ಅವರು ಬಂದದ್ದೇ ಮೊಮ್ಮಗನಿಗಾಗಿ. ಒಂಬತ್ತು ತಿಂಗಳಾದರೂ ನಾಲ್ಕರ ಮಗುವಿನ ಹಾಗಿದ್ದ, ಕೂರಿಸಿದರೆ ವಾಲುತ್ತಿದ್ದ. ನೂಲು ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಉಳಿದದ್ದು ಇಂಗ್ಲಿಷ್ ಮದ್ದೊಂದೇ.

"ನಿನಗೆ ನಿದ್ದೆ ಬರುತ್ತದಾ ಅಮ್ಮಾ?" ಡಾಕ್ಟರು ಮತ್ತೆ ಹರಿಣಾಕ್ಷಿಯ ಕಡೆಗೇ ತಿರುಗಿದರು.

"ಇವಳಿಗೆಂತ ಡಾಕ್ಟ್ರೇ, ಬೇಕಾದಷ್ಟು ಬರ್ತದೆ."

"ಊಟ?"

"ಬಡಿಸುವುದು ನಾನಲ್ಲವಾ! ಬಟ್ಟಲು ತುಂಬ ಹಾಕ್ತೇನೆ. ಮುಟ್ಟದಿದ್ದರೆ ನಾನೆಂತ ಮಾಡುವುದು? ಇವಳದ್ದು ಬಿಡಿ ಮಾರಾಯ್ರೇ, ಮಗುವನ್ನು ನೋಡಿ."

ಡಾಕ್ಟರು ಸ್ವಲ್ಪ ಹೊತ್ತು ಸೌದಾಮಿನಿಯಮ್ಮನನ್ನೇ ನೋಡಿದರು. "ನಿಮ್ಮ ಕಣ್ಣು ಯಾಕೋ ಕೆಂಪಾಗಿದೆ. ಬಾಯಿ ತೆರೆಯಿರಿ ನೋಡುವ."

ತೆರೆದದ್ದೇ ತಡ, ನಾಲಿಗೆಯ ಕೆಳಗೆ ಥರ್ಮಾಮೀಟರ್ ಹೋಗಿ ಕೂತಿತು. "ತುಟಿ ಬಿಚ್ಚಬಾರದು. ಗಾಜು ಒಡೆದರೆ ಒಳಗಿನ ಪಾದರಸ ಹೊಟ್ಟೆಗೆ ಹೋಗ್ತದೆ."

ಸೌದಾಮಿನಿಯಮ್ಮ ಕೂತಲ್ಲೇ ಕಲ್ಲಾದರು. ಹರಿಣಾಕ್ಷಿ ಅತ್ತೆಯ ಮುಚ್ಚಿದ ಬಾಯನ್ನು ನಂಬಲಾರದೆ ಎರಡೆರಡು ಸಲ ನೋಡಿದಳು.

"ನಿದ್ದೆ ಬರುವುದಿಲ್ಲ," ಎಂದಳು.

"ಉಂ! ಉಂ!" ಸೌದಾಮಿನಿಯಮ್ಮನ ಮೂಗಿನಿಂದ ಆಕ್ಷೇಪಣೆ ಹೊರಟಿತು.

"ಪಾದರಸ," ಎಂದು ಡಾಕ್ಟರು ಬೆರಳೆತ್ತಿದರು.

"ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ಹಾಲೂ ಬತ್ತಿತು. ಇವನು ಅತ್ತರೆ ಆಚೆಮನೆಯ ಮಗು ಅತ್ತ ಹಾಗೆ ಕೇಳ್ತದೆ. ಎತ್ತಿಕೊಳ್ಳಬೇಕು ಅಂತ ಕಾಣುವುದೇ ಇಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಬೆಳಿಗ್ಗೆ ನೀರಿಗೆ ಹೋದರೆ, ಬಾವಿಕಟ್ಟೆಯಿಂದ ವಾಪಸು ಬರಲಿಕ್ಕೆ ಮನಸ್ಸು ಬರುವುದಿಲ್ಲ."

ಮೂಗಿನ ಸದ್ದು ನಿಂತಿತು. ಸೊಸೆ ಬಾವಿಕಟ್ಟೆಯಲ್ಲಿ ತಡಮಾಡುತ್ತಾಳೆಂದು ದಿನಾ ಗದರುತ್ತಿದ್ದವರು ಅವರೇ.

ಡಾಕ್ಟರು ಥರ್ಮಾಮೀಟರ್ ತೆಗೆಯಲು ಕೈ ಚಾಚಿದರು. ಸೌದಾಮಿನಿಯಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ತುಟಿ ಬಿಚ್ಚದೆಯೇ ಮಗುವನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಸೊಸೆಗೆ ಗದ್ದದಿಂದಲೇ ಸನ್ನೆ ಮಾಡಿದರು: ಹೇಳು, ಎಲ್ಲ ಹೇಳು.

ಮಗುವಿಗೆ ಡಾಕ್ಟರು ಹೇಳಿದ್ದು ಮೂರು ಹೊತ್ತು ರಾಗಿ ಹಾಲು ಕುದಿಸಿ ಮಾಡಿದ ಮಣ್ಣಿ, ಅಷ್ಟೇ. ತಾಯಿಗೆ ಟಾನಿಕ್, ಮಧ್ಯಾಹ್ನದ ನಿದ್ದೆ. "ನೀರಿಗೆ ಒಬ್ಬಳನ್ನೇ ಕಳಿಸಬೇಡಿ. ದಿನಕ್ಕೊಂದು ಗಳಿಗೆ ಇವಳು ಮಾತಾಡಬೇಕು, ನೀವು ಕೇಳಬೇಕು. ವಾರ ಬಿಟ್ಟು ಬನ್ನಿ."

ಮೆಟ್ಟಿಲಿಳಿದಿದ್ದ ಸೌದಾಮಿನಿಯಮ್ಮ ಮಗುವನ್ನು ಹೆಗಲಿಗೇರಿಸಿ ವಾಪಸು ಬಂದರು.

"ಡಾಕ್ಟ್ರೇ, ಆ ಗಾಜಿನ ಕಡ್ಡಿ ಒಂದು ಮನೆಗೂ ಕೊಡಿ. ಅದಿಲ್ಲದೆ ನನ್ನಿಂದಾಗದು."