ಜಾಕ್ ಮೇಲೆ ಬಿಗಿದ ಬೋಲ್ಟು

ಗಾಡಿ ಕೆಲಸ ಅರೆಬರೆ ಬಲ್ಲ ನಾನು ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಗೃಹಸ್ಥನೊಬ್ಬ ತನ್ನ ಹಳೆಯ ಕಾರಿನಡಿ ಮಲಗಿ ಹೊರತೆಗೆದ, ಚಕ್ರದ ತೋಳಿನ ಕೀಲಿನಲ್ಲಿ ಕೂರುವ ಸಸ್ಪೆನ್ಷನ್ ಬುಷ್‌ನ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿ ಹರಿದಿತ್ತು.

“ಗಾಡಿ ಕಟಕಟ ಅಂದಾಗ, ನಿಮ್ಮಣ್ಣ ಕಳಪೆ ಮಾಲು ತಂದ್ಕೊಟ್ರು ಅಂತ ಅವರೆದುರೇ ನೆಂಟರ ಮುಂದೆ ಡಂಗುರ ಸಾರಿದ್ರಲ್ಲ, ಇದೇನಾ?” ಹೆಂಡತಿ ಬಗ್ಗಿ ಕೇಳಿದಳು.

“ಮಾಲು ಚೆನ್ನಾಗೇ ಇತ್ತು ಕಣೇ. ಚಕ್ರ ನೆಲಕ್ಕೆ ಊರಿದ್ಮೇಲೆ ಬೋಲ್ಟ್ ಬಿಗಿ ಮಾಡು, ಇಲ್ದಿದ್ರೆ ರಬ್ಬರು ತಿರುಚುತ್ತೆ ಅಂತ ಅಣ್ಣ ಬಡ್ಕೊಂಡಿದ್ದ. ನಾನು ಗಾಡಿ ಜಾಕ್ ಮೇಲಿದ್ದಾಗ್ಲೇ ಬಿಗಿದ್ಬಿಟ್ಟೆ.”

ನೆಂಟರ ಮುಂದೆ ಹಾಗೆ ದೂರಿದಂದಿನಿಂದ ಎರಡು ವರ್ಷ ಅಣ್ಣ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಇವನು ಗ್ರೀಸ್ ಮೆತ್ತಿದ ಕೈಯಲ್ಲೇ ಫೋನು ಮಾಡಿ, “ತಪ್ಪು ನಂದೇ ಅಣ್ಣಾ,” ಎಂದು ಎಲ್ಲವನ್ನೂ ಹೇಳಿದ.

“ನಂಗೆ ಅವತ್ತೇ ಗೊತ್ತಿತ್ತು ಕಣೋ,” ಎಂದು ಅಣ್ಣ ಫೋನಿಟ್ಟ.

ಗೊತ್ತಿದ್ದೂ ಅಣ್ಣ ಅವತ್ತು ನೆಂಟರ ಮುಂದೆ ಯಾಕೆ ತಲೆ ತಗ್ಗಿಸಿ ಕೂತಿದ್ದ? ಅದು ಇಂದಿಗೂ ಯಾರಿಗೂ ತಿಳಿಯದು.