ಕಿತ್ತ ಕೇಬಲ್ಲು

“ಇದನ್ನ ನನ್ನ ಬೋರ್ಡಿಗೆ ಹೋಲಿಸ್ತೀಯಾ?” ಅಕ್ಕ ತಂದಿದ್ದ, ಬಿಸಿ ನಿಯಂತ್ರಿಸುವ ಬೆರಳುದ್ದದ ಅಗ್ಗದ ಸರ್ಕ್ಯೂಟ್ ಬೋರ್ಡನ್ನು ಮೇಜಿನ ಮೇಲೆ ಕುಕ್ಕಿದ ತಮ್ಮ. “ಹಸುಗೂಸುಗಳನ್ನ ಬೆಚ್ಚಗಿಡೋ ಪೆಟ್ಟಿಗೆ ಅಕ್ಕಾ ಇದು! ಬಿಸಿ ಮಿತಿ ಮೀರಿದ್ರೆ? ಅಗ್ಗದ ಆಸೆಗೆ ಯಾರ ಮನೆ ದೀಪ ಆರಿಸ್ತೀಯಾ?”

ಅಕ್ಕ ಎರಡೂ ಬೋರ್ಡುಗಳಿಗೆ ಹೀಟರಿನ ಬದಲು ಒಂದೊಂದು ಬಲ್ಬು ಸಿಕ್ಕಿಸಿ, ಅವುಗಳ ಸೆನ್ಸರುಗಳನ್ನು ಮುಷ್ಟಿಯಲ್ಲಿ ಹಿಡಿದಳು. ಕೈಯ ಬಿಸಿ ತಾಗಿದೊಡನೆ ಬಲ್ಬು ಆರಬೇಕು. ಎರಡೂ ಆರಿದವು. “ಎರಡರ ಪ್ಲಗ್ಗನ್ನೂ ಕಿತ್ತು ಮತ್ತೆ ಹಾಕು,” ಎಂದಳು. ಅವನು ಕಿತ್ತು ಮತ್ತೆ ಹಾಕಿದ. ಎರಡೂ ಹೊತ್ತಿ ಮತ್ತೆ ಆರಿದವು. “ನೋಡಿದ್ಯಾ? ಇದೇ ಮೇಜಿನ ಮೇಲೆ ಸಾವಿರ ಸಲ ಪರೀಕ್ಷೆ ಮಾಡಿದೀನಿ!” ಎಂದು ಬೀಗಿದ.

“ಹೌದು, ಇದೇ ಮೇಜಿನ ಮೇಲೆ,” ಎನ್ನುತ್ತಾ ಅಕ್ಕ ಅವನ ದುಬಾರಿ ಬೋರ್ಡಿನಿಂದ ಕಂಪ್ಯೂಟರಿಗೆ ಹೋಗಿದ್ದ ಕೇಬಲ್ಲನ್ನು ಕಿತ್ತಳು. ಪ್ರೋಗ್ರಾಂ ತುಂಬಲು ಹಾಕಿದ್ದ ಆ ಕೇಬಲ್ಲನ್ನು ಅವನು ಆರು ತಿಂಗಳಿಂದ ತೆಗೆದಿರಲೇ ಇಲ್ಲ. ಪ್ಲಗ್ ಕಿತ್ತಾಗಲೆಲ್ಲ ಬೋರ್ಡಿಗೆ ಅದರಿಂದಲೇ ಕರೆಂಟು ಸಿಗುತ್ತಿತ್ತು; ಅದು ಒಮ್ಮೆಯೂ ಪೂರ್ತಿ ನಿಂತು ಮೊದಲಿಂದ ಶುರುವಾಗಿರಲಿಲ್ಲ. “ಈಗ ಪ್ಲಗ್ ಕಿತ್ತು ಮತ್ತೆ ಹಾಕು.”

ಅಗ್ಗದ ಬೋರ್ಡಿನ ಬಲ್ಬು ಹೊತ್ತಿ ಆರಿತು. ಅವನದು ಹೊತ್ತಿತು, ಆರಲಿಲ್ಲ. ಅಕ್ಕನ ಮುಷ್ಟಿ ಬೆವರಿದರೂ ಉರಿಯುತ್ತಲೇ ಇತ್ತು.

“ನಿನ್ನೆ ಹೆರಿಗೆ ಆಸ್ಪತ್ರೆಗೆ ಕಳಿಸಿದ ನಾಲ್ಕು ಪೆಟ್ಟಿಗೇಲೂ ಇದೇ ಬೋರ್ಡು...” ಎನ್ನುತ್ತಾ ಅವನು ಪ್ಲಗ್ಗನ್ನು ಕಿತ್ತ.

“ಬೇಡ ಬೇಡ ಅಂತ ಬಡ್ಕೊಂಡೆ. ನನ್ನ ಮೇಲೇ ಕೂಗಾಡಿ ಕಳಿಸ್ದೆ.” ಅಕ್ಕ ಫೋನನ್ನು ಅವನ ಎದೆಗೆ ಒತ್ತಿದಳು. “ಈಗ ಕೂಗು. ಆಸ್ಪತ್ರೆಯವರಿಗೆ ಕೇಳೋ ಹಾಗೆ ಕೂಗು.”