ಕಣದಲ್ಲಿ ಕಲಿತ ಹೆಜ್ಜೆ

"ಕಾಲು ಎತ್ತಿ ತಟ್ಟು ಸಿಂಚನಾ, ಎಳೀತಿದ್ದೀಯಲ್ಲ!" ನಾಟ್ಯದ ಟೀಚರ್ ತಾಳ ನಿಲ್ಲಿಸಿದರು. ನಾಪೋಕ್ಲಿನ ಕಾರ್ಯಕ್ರಮಕ್ಕೆ ಮುಂದಿನ ಸಾಲಲ್ಲಿ ಉಳಿದಿದ್ದದ್ದು ಒಂದೇ ಜಾಗ. ಸ್ಪರ್ಧೆ ಅವಳಿಗೂ ಗೆಳತಿ ಅಶ್ವಿತಾಳಿಗೂ.

ಎರಡು ತಿಂಗಳಿಂದ ಸಿಂಚನಾ ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಕಾಲಿಂದ ಸರಿಸುತ್ತಲೇ ಹೆಜ್ಜೆ ಅಭ್ಯಾಸ ಮಾಡಿದ್ದಳು. ಪಕ್ಕದ ಮನೆಯ ಅಶ್ವಿತಾ ನಿನ್ನೆ ಸಂಜೆಯೂ ಬೇಲಿಯಾಚೆಯಿಂದ, "ಸೂಪರ್ ಕಣೇ, ಹೀಗೇ ಮಾಡು" ಎಂದಿದ್ದಳು.

"ಕಣದಲ್ಲಿ ಕುಣೀಬೇಡ, ಕಾಲೆಳೆಯೋ ಚಾಳಿ ಬರ್ತದೆ ಅಂತ ಹೋದ ತಿಂಗಳು ನೀನು ಬರದಿದ್ದ ದಿನವೇ ಅಶ್ವಿತಾ ಹತ್ರ ಹೇಳಿ ಕಳ್ಸಿದ್ದೆನಲ್ಲ?" ಎಂದರು ಟೀಚರ್.

ಸಿಂಚನಾ ತಿರುಗಿ ನೋಡಿದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅಶ್ವಿತಾ ಆಗಲೇ ಮುಂದೆ ಬಂದು ನಿಂತಿದ್ದಳು.

"ಮರ್ತೇ ಹೋಯ್ತು ಮಿಸ್," ಎಂದಳು. ಸಿಂಚನಾ ಸರಿದು ಜಾಗ ಬಿಟ್ಟಳು.